ಕುಂಟುವ ಮಾಲೀಕ

‘ಸ್ವಂತ ವಾಸಕ್ಕೆ ಮನೆ ಬೇಕು’ ಎಂದು ಬಾಡಿಗೆದಾರರನ್ನು ಎಬ್ಬಿಸುವ ಮಾಲೀಕರ ಕುಲಕ್ಕೆ ಸ್ಟುಟ್‌ಗಾರ್ಟಿನ ಎಗೊನ್ ಸ್ಟೈಮ್ಲೆಯೇ ತಿಲಕ. ಮಾತೆತ್ತಿದರೆ ‘ನಿಯಮ ಅಂದ್ರೆ ನಿಯಮ’ ಎನ್ನುತ್ತಾನೆ. ಕಸದ ಡಬ್ಬಿಯ ಮುಚ್ಚಳ ಎತ್ತಿ, ಕಾಗದದ ಜೊತೆ ಗಾಜು ಬೆರೆಸಿದವರು ಯಾರೆಂದು ಮೂಸಿಯೇ ಹೇಳುತ್ತಾನೆ. ಇಂಥವನು, ಮೂರನೇ ಮಹಡಿ ಹತ್ತಲು ಮಂಡಿ ಒಪ್ಪುತ್ತಿಲ್ಲ, ಕೆಳಗಿನ ಮನೆಗೆ ನಾನೇ ಬರುತ್ತೇನೆ ಎಂದು ಅಲ್ಲಿದ್ದ ವಯಸ್ಸಾದ ಓರ್ಟ್ರುಡ್‌ಗೆ ನೋಟಿಸ್ ಕೊಟ್ಟ. ನಿಜಕ್ಕೂ ಮಂಡಿ ಕಲ್ಲಿನಂತೆ ಗಟ್ಟಿಮುಟ್ಟಾಗಿತ್ತು, ಹೆಚ್ಚು ಬಾಡಿಗೆ ಕೊಡುವವರು ಆಗಲೇ ಸಿಕ್ಕಿದ್ದರು. ಬಹುಕಾಲದ ಬಾಡಿಗೆದಾರಳೆಂದು ಕಾನೂನು ಅವಳಿಗೆ ಒಂಬತ್ತು ತಿಂಗಳ ಗಡುವು ಕೊಟ್ಟಿತು. ಆ ಒಂಬತ್ತು ತಿಂಗಳೂ ಸ್ಟೈಮ್ಲೆ ಕುಂಟಬೇಕಾಯಿತು. ಬೇಕರಿಗೆ ಹೋಗುವಾಗ ಎಡಗಾಲು, ಬರುವಾಗ ಬಲಗಾಲು. ‘ಏನ್ರೀ ಸ್ಟೈಮ್ಲೆ, ನೋವು ಕಾಲು ಬದಲಾಯಿಸ್ತಾ?’ ಎಂದು ಬೇಕರಿಯವಳು ಕಿಚಾಯಿಸಿದರೆ, ‘ಹವಾ ಬದಲಾದ್ರೆ ಹಂಗೇ ಕಣಮ್ಮ’ ಎನ್ನುತ್ತಿದ್ದ. ಓರ್ಟ್ರುಡ್ ಮಾತ್ರ ನಗಲಿಲ್ಲ, ನಂಬಿದಳು. ಈ ವಾರ ಮೆಟ್ಟಿಲು ಗುಡಿಸುವ ಸರದಿ ಯಾರದೆಂದು ತೋರಿಸಲು ಬಾಗಿಲಿಂದ ಬಾಗಿಲಿಗೆ ಸಾಗುವ ಹಲಗೆ ಅವನ ಬಾಗಿಲಿಗೆ ಬಂದಾಗಲೆಲ್ಲ ಅದನ್ನು ತನ್ನ ಬಾಗಿಲಿಗೆ ತೂಗುಹಾಕಿಕೊಂಡು ತಾನೇ ಗುಡಿಸಿದಳು. ‘ನಿಮ್ ಮಂಡೀಲಿ ಬಗ್ಗೋಕಾಗುತ್ತಾ? ಸುಮ್ನೆ ಕೂತ್ಕೊಳ್ಳಿ’ ಎಂದು ಗದರಿದಳು. ಬೀಗದ ಕೈ ಒಪ್ಪಿಸುವ ದಿನ, ‘ಬಚ್ಚಲ ಗೋಡೆಗೆ ಒಂದು ಹಿಡಿಕೆ ಹಾಕ್ಸಿದೀನಿ, ನೀವು ಜಾರಬಾರದಲ್ಲ’ ಎಂದಳು. ಅವಳ ಸಾಮಾನಿನ ಗಾಡಿ ತಿರುವು ದಾಟಿದ ಮೇಲೆ ಸ್ಟೈಮ್ಲೆ ಅವಳ ಬಾಗಿಲಲ್ಲಿದ್ದ ಹಲಗೆಯನ್ನು ಒಯ್ದು ತನ್ನ ಬಾಗಿಲಿಗೆ ತೂಗುಹಾಕಿ, ಪೊರಕೆ ಹಿಡಿದು ಮೆಟ್ಟಿಲಿಳಿದ. ನೋಡುವವರು ಯಾರೂ ಇರಲಿಲ್ಲ. ಆದರೂ ಕುಂಟುತ್ತಲೇ ಇಳಿದ.