ನಡುವಿನ ಸ್ಕ್ರೂ

ರಸ್ತೆಯಲ್ಲಿ ಲಾರಿಗಳ ಓಡಾಟ ಶುರುವಾದರೆ ಅಳತೆಯ ಮುಳ್ಳು ನಡುಗುತ್ತದೆ. ಅದಕ್ಕೇ ಬೆಳಕು ಹರಿಯುವ ಮೊದಲೇ ಪರೀಕ್ಷಾ ಶೆಡ್ಡಿನ ಬೀಗ ತೆಗೆಯುತ್ತಾರೆ ಈ ಮೇಸ್ತ್ರಿ. ತೆಳು ಉಕ್ಕಿನ ತೊಲೆಯನ್ನು ಎರಡು ಆಸರೆಗಳ ಮೇಲೆ ಕೂರಿಸಿ, ಮೇಲಿನಿಂದ ಜ್ಯಾಕ್ ಒತ್ತುತ್ತಾ ಮೈಯೆಲ್ಲ ಕಿವಿಯಾಗಿ ನಿಲ್ಲುತ್ತಾರೆ. ‘ಟಕ್’ ಎಂದಿತೋ, ಮೇಲಂಚು ಸುಕ್ಕುಗಟ್ಟಿತು ಎಂದೇ ಅರ್ಥ.

“ಕಟ್ಟೋರು ಬೇರೆ, ಮುರಿಯೋನು ನಾನು,” ಎಂದು ನಗುತ್ತಾರೆ. “ಇಲ್ಲಿ ಮುರಿದ್ರೆ ಯಾರ ತಲೆ ಮೇಲೂ ಮುರಿಯಲ್ಲ ನೋಡಿ.”

ಬಾಗಿಸಿದ ತಗಡಿನ ಎರಡು ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಸ್ಕ್ರೂ ಬಿಗಿದರೆ ಒಂದು ತೊಲೆ. ಒಂಟಿ ಪಟ್ಟಿ ಭಾರ ಬಿದ್ದೊಡನೆ ಮೈ ತಿರುಚಿಕೊಳ್ಳುತ್ತದೆ. ಜೋಡಿಯಾದರೆ ಒಂದಕ್ಕೊಂದು ಹೆಗಲು ಕೊಡುತ್ತವೆ. ಮೇಸ್ತ್ರಿಯನ್ನು ಕೈಹಿಡಿದು ಈ ಕಸುಬಿಗೆ ತಂದವರು ಅವರ ಅಕ್ಕನ ಗಂಡ. ಆ ದಿನಗಳ ಸೊಗಸೇ ಬೇರೆ. ಭಾವ ಒಂದು ತುದಿಯಿಂದ, ಇವರು ಇನ್ನೊಂದು ತುದಿಯಿಂದ ಸ್ಕ್ರೂ ಬಿಗಿಯುತ್ತಾ, ಒಬ್ಬರ ಕಾಲನ್ನೊಬ್ಬರು ಎಳೆಯುತ್ತಾ ನಡುವಿಗೆ ಬಂದು ಸೇರುತ್ತಿದ್ದರು.

ಅಕ್ಕನಿಗೆ ಚೊಚ್ಚಲ ಮಗು ಹುಟ್ಟಿದ ದಿನ ಇಬ್ಬರಿಗೂ ನೆಲದ ಮೇಲೆ ಕಾಲಿರಲಿಲ್ಲ. ಅಂದು ಪರೀಕ್ಷೆಗೆ ಬಂದದ್ದು, ಸ್ಕ್ರೂಗಳನ್ನು ಬೇಕೆಂದೇ ದೂರ ದೂರ ಹಾಕಬೇಕಿದ್ದ ತೊಲೆ.

“ನಡುವಿಂದು ಭಾವ ಹಾಕ್ತಾರೆ ಅಂತ ನಾನು, ನಾನು ಹಾಕ್ತೀನಿ ಅಂತ ಭಾವ. ಇಬ್ಬರೂ ಹಾಕ್ಲೇ ಇಲ್ಲ!”

ಭಾರ ಬಿದ್ದದ್ದೇ ತಡ, ಪಟ್ಟಿಗಳು ನಡುವಲ್ಲಿ ಬಾಯ್ಬಿಟ್ಟು ತಮ್ಮ ತಮ್ಮ ದಾರಿ ಹಿಡಿದವು. ಬೈಗುಳ ತಿಂದದ್ದಾಯಿತು. ಆ ಡೊಂಕು ತೊಲೆ ಮಾತ್ರ ಗೋಡೆ ಬದಿಯಲ್ಲಿ, ಇಟ್ಟಿಗೆಗಳ ಮೇಲೆ, ಇಬ್ಬರೂ ಚಹಾ ಕುಡಿಯುವ ಬೆಂಚಾಯಿತು. ತಪ್ಪು ಯಾರದೆಂಬ ಜಗಳ ಅದರ ಮೇಲೆ ಕೂತೇ ವರ್ಷಗಟ್ಟಲೆ ನಡೆಯಿತು.

ಮಂಡಿ ಕೈಕೊಟ್ಟು ಭಾವ ಈಗ ಮನೆ ಹಿಡಿದಿದ್ದಾರೆ. ಶೆಡ್ಡು ತೆರವಾಗುತ್ತಿದೆ, ಇಂದೇ ಗುಜರಿ ಲಾರಿ ಬರುತ್ತದೆ. ಬೆಂಚಿನ ಮೇಲೂ ಗುಜರಿಗೆಂದು ಸೀಮೆಸುಣ್ಣದ ಗುರುತು ಬಿದ್ದಿದೆ. ಎಂದೂ ಏನನ್ನೂ ಕೇಳದ ಮೇಸ್ತ್ರಿ ಇಂದು ಶೆಡ್ಡಿನ ಮುಖ್ಯಸ್ಥೆಯ ಮುಂದೆ ನಿಲ್ಲುತ್ತಾರೆ.

“ಇದೊಂದನ್ನ ಬಿಟ್ಕೊಡಿ ಮೇಡಂ. ಭಾವನ ಮನೆ ಮುಂದೆ ಹಾಕ್ತೀನಿ. ಅವರು ಒಬ್ಬರೇ ಕೂತ್ಕೋತಾರೆ ಈಗ.”

ಮೇಡಂ ಬಟ್ಟೆ ತಂದು ಗುರುತನ್ನು ತಾವೇ ಒರೆಸುತ್ತಾರೆ. ತೊಲೆ ಕೈಗಾಡಿ ಏರುತ್ತದೆ. “ಆ ನಡುವಿನ ಸ್ಕ್ರೂ ಹಾಕಿಯೇ ಒಯ್ಯಬಹುದಲ್ಲ?” ಎಂದು ಮೇಡಂ ನಗುತ್ತಾರೆ.

ಮೇಸ್ತ್ರಿ ಡಬ್ಬಿಯಿಂದ ಒಂದು ಸ್ಕ್ರೂ ತೆಗೆದು ಅಂಗಿ ಜೇಬಿಗೆ ಹಾಕಿಕೊಳ್ಳುತ್ತಾರೆ.

“ನಾನ್ಯಾಕೆ ಹಾಕ್ಲಿ? ಅದು ಭಾವಂದು.”