ಪಂಪಿನ ಉಪವಾಸ

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಏಕಾದಶಿಗೆ ನೀರನ್ನೂ ಮುಟ್ಟುವವರಲ್ಲ. ದಮ್ಮು ಹೆಚ್ಚಾದ ಮೇಲೂ ಬಿಡಲಿಲ್ಲ. ‘ಜಡ್ಡಿದ್ದವರು ಹಾಲು ಹಣ್ಣು ತೊಗೋಬಹುದಂತ ಆಚಾರ್ರೇ ಹೇಳ್ಯಾರ್ರೀ’ ಎಂದು ನಾನು ರೇಗಿದರೆ, ‘ಅದು ಆಗದವರಿಗೆ ಹೇಳಿದ್ದವಾ’ ಎಂದು ನಕ್ಕುಬಿಡುತ್ತಿದ್ದರು.

ನಾವಿದ್ದ ಹಡಪಸರದ ಧೂಳಿನಲ್ಲಿ ಆ ದಮ್ಮು ಯಾವ ಔಷಧಿಗೂ ಬಗ್ಗದಾಯಿತು. ಸ್ಟೀರಾಯ್ಡ್ ನುಂಗಿ ನುಂಗಿ ಮುಖ ಊದಿತು. ಬಾಯಿಗಿಟ್ಟು ಉಸಿರಿನೊಡನೆ ಎಳೆದುಕೊಳ್ಳುವ ಔಷಧಿಯ ಪಂಪು ಎಳೆದರೂ ಅಡಿಗೆಮನೆಯಿಂದ ಬಾಗಿಲತನಕ ನಡೆಯಲು ಆಗುತ್ತಿರಲಿಲ್ಲ. ಆಗ ಆಸ್ಪತ್ರೆಯ ಡಾಕ್ಟರಬಾಯಿ ಹೊಸ ಔಷಧಿಯೊಂದರ ಪ್ರಯೋಗದ ಮಾತು ತೆಗೆದರು. ಉಸಿರಿನ ಕೊಳವೆಯ ಸುತ್ತ ಇರುವ ಸ್ನಾಯು ಬಿಗಿದಾಗ ದಮ್ಮು ಕಟ್ಟುತ್ತದೆ. ಪಂಪಿನ ಔಷಧಿ ಆ ಸ್ನಾಯುವಿನ ಒಂದು ಬಾಗಿಲು ತಟ್ಟಿ ಅದನ್ನು ಸಡಿಲಿಸುತ್ತದೆ. ಇವರಲ್ಲಿ ಆ ಬಾಗಿಲು ಓಗೊಡುತ್ತಿಲ್ಲ, ಹೊಸದು ಬೇರೆ ಬಾಗಿಲು ತಟ್ಟುತ್ತದೆ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಪ್ರಯೋಗಕ್ಕೆ ಸೇರಿಸಿಕೊಳ್ಳುವ ಮೊದಲು ಉಸಿರಿನ ಪರೀಕ್ಷೆ. ಆ ಬೆಳಿಗ್ಗೆ ಪಂಪು ತೆಗೆದುಕೊಳ್ಳಬಾರದು. ತಡೆಯಲಾಗದಿದ್ದರೆ ತೆಗೆದುಕೊಳ್ಳಿ, ಪರೀಕ್ಷೆ ಇನ್ನೊಂದು ದಿನ ಮಾಡೋಣ ಎಂದೂ ಒತ್ತಿ ಹೇಳಿದರು.

ವೈನಿ ಮೊದಲ ಮಾತನ್ನಷ್ಟೇ ಇಟ್ಟುಕೊಂಡರು. ಎರಡನೆಯದು ಆಗದವರಿಗೆ ಹೇಳಿದ್ದು.

ಪರೀಕ್ಷೆಯ ದಿನ ತಲೆಗೆ ಎರೆದುಕೊಂಡು, ದೇವರಿಗೆ ದೀಪ ಹಚ್ಚಿ, ನನ್ನ ಜೊತೆ ರಿಕ್ಷಾ ಹತ್ತಿದರು. ಫ್ಲೈಓವರಿನ ಕೆಳಗೆ ಗಾಡಿಗಳು ಒಂದಕ್ಕೊಂದು ಅಂಟಿ ನಿಂತವು. ವೈನಿಯ ಎದೆ ಸುಂಯ್‌ಗುಡತೊಡಗಿತು. ಪಂಪು ಅವರ ಮುಷ್ಟಿಯಲ್ಲೇ ಇತ್ತು.

‘ತೊಗೋರಿ ವೈನಿ. ನಾಳೆ ಬರೂಣು.’

‘ಇಷ್ಟು ದೂರ ಬಂದು… ಮುರೀಲೇನ?’

‘ಇದೇನು ಏಕಾದಶಿ ಅಲ್ಲರೀ. ಸತ್ತು ಯಾರಿಗೆ ಪುಣ್ಯ ಕಟ್ಟಿಕೊಡ್ತೀರಿ?’

ಕಸಿದುಕೊಳ್ಳಲು ಹೋದೆ. ಸೆರಗಿನೊಳಗೆ ಅಡಗಿಸಿ ನನ್ನ ಕೈ ನೂಕಿದರು. ಉಸಿರೇ ಇಲ್ಲದವರಿಗೆ ಅಷ್ಟು ಬಲ ಎಲ್ಲಿಂದ ಬಂತೋ, ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಆಮೇಲೆ ತುಟಿ ನೀಲಿಗಟ್ಟಿ, ಮುಷ್ಟಿ ತಾನಾಗಿ ಬಿಚ್ಚಿತು. ಪಂಪನ್ನು ಬಾಯಿಗಿಟ್ಟು ಒತ್ತಿದೆ, ಒತ್ತಿದೆ. ಎಳೆದುಕೊಳ್ಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಇಳಿಸಿ ಯಂತ್ರಕ್ಕೆ ಹಾಕಿದರು. ಡಾಕ್ಟರಬಾಯಿ ಹೊರಗೆ ಬಂದು, ಜೀವ ಉಳಿಯಬಹುದು ಎಂದರು. ಆದರೆ ಇಷ್ಟು ದೊಡ್ಡ ದಾಳಿಯಾದವರನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳುವ ಹಾಗಿಲ್ಲವಂತೆ, ನಿಯಮವಂತೆ. ಆ ನಿಯಮದ ಮನೆ ಹಾಳಾಗಲಿ. ಬೇರೆ ಔಷಧಿ ಯಾವುದಿದೆ ಎಂದು ಕೇಳಿದೆ. ಮತ್ತೆ ಅದೇ ಸ್ಟೀರಾಯ್ಡು, ಅದೇ ಪಂಪು.

ನಳಿಗೆ ತೆಗೆದ ದಿನ ವೈನಿ ನನ್ನನ್ನು ಸನ್ನೆ ಮಾಡಿ ಹತ್ತಿರ ಕರೆದರು. ದನಿ ಒಡೆದಿತ್ತು.

‘ನಾ ಮುರೀಲಿಲ್ಲ. ಅವರಿಗೆ ಹೇಳಿದ್ಯೇನವಾ? ಇನ್ನ ಹೊಸಾ ಔಷಧಿ ಕೊಡ್ತಾರಲ್ಲ?’

‘ಹೇಳೀನ್ರಿ ವೈನಿ’ ಎಂದೆ. ಪಂಪನ್ನು ಅವರ ಮುಷ್ಟಿಯೊಳಗಿಟ್ಟೆ.