ಅಪ್ಪ ನೀರು ಹೊಡೆದ ಗೋಡೆ

ನನ್ನ ಅಪ್ಪ ಬೆಟಗೇರಿಯಲ್ಲಿ ಗೌಂಡಿಯಾಗಿದ್ದ. ಗೋಡೆ ಕಟ್ಟುವುದರಲ್ಲಿ ಅವನನ್ನು ಸರಿಗಟ್ಟುವವರು ಇರಲಿಲ್ಲ. ಡಂಬಳ, ಕುರ್ತಕೋಟಿಯಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಆದರೆ ಅವನನ್ನು ಕರೆದುಕೊಂಡು ಯಾರ ಮನೆಗೂ ಹೋಗುವಂತಿರಲಿಲ್ಲ. ಸತ್ತವರ ಮನೆಗೆ ಮಾತಾಡಿಸಲು ಹೋದರೂ ಅವನ ಕಣ್ಣು ಹಾರ ಹಾಕಿದ ಫೋಟೋ ಬಿಟ್ಟು ಅದನ್ನು ತೂಗುಹಾಕಿದ ಗೋಡೆಯ ಮೇಲಿರುತ್ತಿತ್ತು. ಅಂಗಿಯ ಜೇಬಿನಲ್ಲಿ ದಾರಕ್ಕೆ ಕಟ್ಟಿದ ಹಿತ್ತಾಳೆ ಗುಂಡು ಸದಾ ಸಿದ್ಧ. ಅದನ್ನು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡದಿದ್ದರೆ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವ್ವ ಪಕ್ಕದಲ್ಲಿ ಕುಳಿತು ಅವನ ತೊಡೆ ಚಿವುಟುತ್ತಿದ್ದಳು.

ನನಗೆ ಗಂಡು ನೋಡತೊಡಗಿದಾಗ ಈ ಚಟ ನನ್ನ ಕುತ್ತಿಗೆಗೇ ಬಂತು. ಹುಡುಗ ಒಪ್ಪಿದ ಮೇಲೆ ಹೆಣ್ಣಿನ ಕಡೆಯವರು ಅವನ ಊರಿಗೆ ಹೋಗಿ ನೋಡಿ ಬರುವುದು ನಮ್ಮಲ್ಲಿ ಪದ್ಧತಿ. ಉಳಿದವರು ಜನ, ನಡತೆ, ಹೊಲ ವಿಚಾರಿಸುತ್ತಾರೆ. ಅಪ್ಪ ಗೋಡೆ ವಿಚಾರಿಸಿದ. ಮುಂಡರಗಿಯ ಹುಡುಗ ಅವನ ಮನೆಯ ಮಾಳಿಗೆಯ ಇಳಿಜಾರು ಸರಿಯಿಲ್ಲವೆಂದು ಕೈಬಿಟ್ಟು ಹೋದ. ಶಿರಹಟ್ಟಿಯವನು ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲವೆಂದು ಹೋದ. ಇಬ್ಬರೂ ನನಗೆ ಅಷ್ಟಕ್ಕಷ್ಟೇ, ಹಾಗಾಗಿ ಸುಮ್ಮನಿದ್ದೆ.

ಮೂರನೆಯವನದು ಲಕ್ಷ್ಮೇಶ್ವರದಲ್ಲಿ ಬೀಜ-ಗೊಬ್ಬರದ ಅಂಗಡಿ. ನನ್ನನ್ನು ನೋಡಲು ಬಂದ ದಿನ ಗಾಬರಿಯಲ್ಲಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದೆ. ಅವನು ತಟ್ಟೆ ಖಾಲಿ ಮಾಡಿ, "ಇನ್ನೊಂದೀಟು ನೀರು ಕೊಡ್ರಿ" ಎಂದಷ್ಟೇ ಹೇಳಿದ. ಇವನೇ ನನ್ನ ಗಂಡ ಎಂದು ನಾನು ಅಲ್ಲೇ ನಿರ್ಧರಿಸಿಬಿಟ್ಟೆ.

ಅಪ್ಪನ ಜೊತೆ ಲಕ್ಷ್ಮೇಶ್ವರಕ್ಕೆ ಹೋಗಿದ್ದ ಸೋದರಮಾವ ಬಂದು ಹೇಳಿದ ಕಥೆ ಇದು. ಚಹಾ ಬರುವ ಮೊದಲೇ ಅಪ್ಪ ಅಡುಗೆಮನೆಗೆ ನುಗ್ಗಿ, ಹಿತ್ತಲ ಕಡೆಯ ಗೋಡೆಗೆ ಗುಂಡು ಇಳಿಬಿಟ್ಟು, "ಯಾವ ಕುಡುಕ ಕಟ್ಯಾನ್ರಿ ಇದನ್ನ?" ಎಂದನಂತೆ.

"ನಾನ ಕಟ್ಟೀನ್ರಿ," ಎಂದರಂತೆ ಹುಡುಗನ ತಾಯಿ.

ಗಂಡ ತೀರಿಕೊಂಡ ವರ್ಷ, ಆಳು ಸಿಗದೆ, ಆಕೆ ಸ್ವಂತ ಕೈಯಿಂದ ಎಬ್ಬಿಸಿದ ಗೋಡೆ ಅದು. ಸೋದರಮಾವ ಮೆಲ್ಲಗೆ ಚಪ್ಪಲಿ ಹುಡುಕತೊಡಗಿದನಂತೆ.

ಮನೆಗೆ ಬಂದ ಮೇಲೂ ಅಪ್ಪನದು ಒಂದೇ ಹಟ. "ಆ ಗ್ವಾಡಿ ಹೊಟ್ಟಿ ಬಿಟ್ಟೈತಿ. ಅದರ ಬುಡಕ ಕುಂತು ನನ್ನ ಮಗಳು ರೊಟ್ಟಿ ಬಡೀಬೇಕೇನು? ಆಗೂದಿಲ್ಲ."

"ಹಂಗಾದ್ರ ಯಾವುದಾರ ನೆಟ್ಟಗಿರೂ ಗ್ವಾಡಿ ನೋಡಪಾ, ಅದನ್ನ ಮದುವಿ ಆಗ್ತೀನಿ!" ಎಂದು ಚೀರಿ ಅತ್ತುಬಿಟ್ಟೆ. ಎರಡು ದಿನ ಊಟ ಬಿಟ್ಟೆ. ಖರೆ ಹೇಳಬೇಕೆಂದರೆ ಅವ್ವ ಕದ್ದು ಕೊಟ್ಟ ರೊಟ್ಟಿ ತಿನ್ನುತ್ತಿದ್ದೆ.

ಮೂರನೆಯ ದಿನ ಅಪ್ಪ ಹುಡುಗನ ತಾಯಿಗೆ ಫೋನು ಹಚ್ಚಿದ. "ಅಕ್ಕಾರ, ನನ್ನ ಮಾತು ತಪ್ಪಾತ್ರಿ. ಆದ್ರ ಆ ಗ್ವಾಡಿ ಕೆಡವಿ ನಾನ ಕಟ್ಟಿಕೊಡ್ತೀನಿ. ಹ್ಞೂಂ ಅಂದ್ರ ಮದುವಿ ಮಾಡೂಣು."

ನಾನು ಪಕ್ಕದಲ್ಲೇ ಫೋನಿಗೆ ಕಿವಿಗೊಟ್ಟು ನಿಂತಿದ್ದೆ. ಆಕೆ, "ಕಟ್ರಿ. ಆದ್ರ ನನ್ನ ಇಟ್ಟಿಗಿ ಒಂದೂ ಒಗಿಯೂ ಹಂಗಿಲ್ಲ" ಎಂದರು.

ಅವೇ ಇಟ್ಟಿಗೆಗಳನ್ನು ಕೆರೆದು, ತೊಳೆದು ಅಪ್ಪ ಹೊಸ ಗೋಡೆ ಎಬ್ಬಿಸಿದ. ವಾರದೊಳಗೆ ಮುಗಿಯುವ ಕೆಲಸ. ಅವನು ತಿಂಗಳುಗಟ್ಟಲೆ ಎಳೆದ. ಗೋಡೆಗೆ ಸಿಮೆಂಟು ಮೆತ್ತುವ ಗಿಲಾವು ಮುಗಿಸಿದ್ದು ಮದುವೆಯ ಹಿಂದಿನ ದಿನ. ಅವ್ವ ಹಣೆ ಚಚ್ಚಿಕೊಂಡಳು.

ಯಾಕೆ ಎಳೆದನೆಂದು ಗೊತ್ತಾದದ್ದು ನನ್ನನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ. ಎಲ್ಲರೂ ಅಳುತ್ತಿದ್ದರು. ಅಪ್ಪ ನನ್ನ ಅತ್ತೆಯ ಮುಂದೆ ನಿಂತು ಗಂಭೀರವಾಗಿ, "ಗಿಲಾವು ಇನ್ನೂ ಹಸಿ ಐತ್ರಿ. ಹದಿನೈದು ದಿನಾ ನೀರು ಹೊಡೀಬೇಕು. ನೀವು ಹೊಡೀಬ್ಯಾಡ್ರಿ, ನಿಮಗ ತಿಳಿಯೂದಿಲ್ಲ. ನಾನ ಬರ್ತೀನಿ" ಎಂದ. ಅಳುವಿನ ನಡುವೆಯೇ ನನಗೆ ನಗು ಬಂತು. ಅವನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ.

ಹೇಳಿದಂತೆ ಬಂದ. ದಿನಾ ಬೆಳಗಿನ ಬಸ್ಸಿಗೆ ಇಳಿದು, ಗೋಡೆಗೆ ನೀರು ಎರಚಿ, ನಾನು ಬಡಿದ ರೊಟ್ಟಿ ತಿಂದು, ಅಳಿಯನ ಅಂಗಡಿಯ ಕಪಾಟು ಓರೆಯಾಗಿದೆ ಎಂದು ಬೈದು ಹೋಗುತ್ತಿದ್ದ. ಹದಿನೈದು ದಿನ ಮುಗಿಯಿತು. ಎರಡು ತಿಂಗಳೂ ಮುಗಿದವು. ಗೋಡೆ ಗಟ್ಟಿಯಾಗಿ ಕಲ್ಲಾಗಿತ್ತು, ಅಪ್ಪ ಮಾತ್ರ ಬರುತ್ತಲೇ ಇದ್ದ. ಒಂದು ಬೆಳಿಗ್ಗೆ ನೆಲದ ರಾಡಿ ಒರೆಸಿ ಒರೆಸಿ ನಾನೇ ಬೇಸತ್ತು, "ಇವತ್ತು ಅಪ್ಪಗ ಹೇಳಿಬಿಡ್ತೀನ್ರಿ ಅತ್ತಿ, ಇನ್ನ ನೀರು ಸಾಕು ಅಂತ" ಎಂದೆ.

ಅತ್ತೆ ನನ್ನ ಕೈಗೆ ಬಕೀಟು ಕೊಟ್ಟು, "ಬಾಯಿ ಮುಚ್ಕೊಂಡು ತುಂಬಿಡು. ಬಸ್ಸು ಬರೂ ಹೊತ್ತಾತು" ಎಂದರು.